ಹೊಲಿದ ಜೇಬಿನ ಇಲಿಮಾವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ, ಉದ್ದನೆಯ ಕಾರಿಡಾರಿನ ಕೊನೆಗೆ, ವಯಸ್ಸಾದವರೊಬ್ಬರು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾರೆ. ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕ್, ಕೈಗೆ ಗವಸು, ಮೈಮೇಲೆ ಒಗೆದೊಗೆದು ಬಣ್ಣ ಮಾಸಿದ ನೀಲಿ ಕೋಟು. ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲಗೆ ಎರಡು ಸಲ ತಟ್ಟುತ್ತಾರೆ. ಸ್ವಲ್ಪ ಕಾದು ಒಳಗೆ ಹೆಜ್ಜೆ ಇಡುತ್ತಾರೆ. ಒಳಗೆ ‘ಬನ್ನಿ’ ಎನ್ನಲು ಮನುಷ್ಯರು ಯಾರೂ ಇಲ್ಲ. ಇರುವುದೆಲ್ಲ ಬಿಳಿ ಮೈಯ, ಕೆಂಪು ಕಣ್ಣಿನ ಪುಟ್ಟ ಇಲಿಗಳು.

“ಹೇಳದೆ ಕೇಳದೆ ನುಗ್ಗಿದ್ರೆ ಬಾಣಂತಿಯರು ಬೆದರಿಬಿಡ್ತಾರೆ. ಬೆದರಿದ ತಾಯಿ ತನ್ನ ಮರೀನೇ ತಿಂದುಬಿಡ್ತಾಳೆ. ತಪ್ಪು ಅವಳದ್ದಲ್ಲ, ನುಗ್ಗಿದವನದ್ದು” ಎನ್ನುತ್ತಾರೆ ಅವರು, ದನಿ ಏರಿಸದೆ. ಆ ಕೋಣೆಯಲ್ಲಿ ಅವರು ದನಿ ಏರಿಸಿದ್ದನ್ನು ಕೇಳಿದವರಿಲ್ಲ.

ಕೇಂದ್ರದಲ್ಲಿ ಎಲ್ಲರಿಗೂ ಅವರು ‘ಇಲಿಮಾವ’. ಮೊದಲು ಯಾರು ಹಾಗೆ ಕರೆದರೋ ನೆನಪಿಲ್ಲ. ಈಗ ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ದೊಡ್ಡ ಸಾಹೇಬರವರೆಗೆ ಅದೇ ಹೆಸರು. ಹುದ್ದೆಯ ಹೆಸರು ಪ್ರಾಣಿಕೋಣೆ ಸಹಾಯಕ. ಸಂಶೋಧನೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಮೇಲಿನ ಮಹಡಿಯವರ ಫೋಟೊ ಇರುತ್ತದೆ, ಕೆಲವು ಸಲ ಇಲಿಯದ್ದೂ ಇರುತ್ತದೆ. ಇಲಿಮಾವನದ್ದು ಈವರೆಗೆ ಬಂದಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೇನೂ ಇಲ್ಲ. ಮಾಸ್ಕ್ ಹಾಕಿಕೊಂಡ ಮುಖ ಯಾರದ್ದಾದರೇನು ಎಂದು ನಕ್ಕು ಸುಮ್ಮನಾಗುತ್ತಾರೆ.

ಕೆಲಸ ನಸುಕಿನಲ್ಲೇ ಶುರುವಾಗಲು ಕಾರಣವಿದೆ. ಹಿಂದಿನ ಸಂಜೆ ಗಂಡು ಹೆಣ್ಣು ಇಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬಿಟ್ಟಿರುತ್ತಾರೆ. ಅವು ಕೂಡಿದ್ದರೆ ಹೆಣ್ಣಿನ ಬಾಲದ ಕೆಳಗೆ ಮೇಣದಂಥ ಸಣ್ಣ ಬಿರಡೆಯೊಂದು ಗುರುತಾಗಿ ಇರುತ್ತದೆ. ಹೊತ್ತು ಏರಿದರೆ ಅದು ಬಿದ್ದುಹೋಗುತ್ತದೆ. ಬಸಿರಿನ ಮೊದಲ ದಿನ ಯಾವುದೆಂದು ತಿಳಿಯುವುದು ಆ ಗುರುತಿನಿಂದಲೇ. ಹಾಗಾಗಿ ಉಳಿದವರು ಮನೆಯಲ್ಲಿ ಮಗ್ಗುಲು ಬದಲಿಸುವ ಹೊತ್ತಿಗೆ ಇಲಿಮಾವ ಒಂದೊಂದೇ ಹೆಣ್ಣನ್ನು ಬಾಲದ ಬುಡದಲ್ಲಿ ಹಿಡಿದೆತ್ತಿ, ದೀಪಕ್ಕೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಡುತ್ತಿರುತ್ತಾರೆ. ಹೆತ್ತ ಇಲಿಗಳ ಪೆಟ್ಟಿಗೆಗಳಲ್ಲಿ ಮರಿಗಳನ್ನು ಎಣಿಸುತ್ತಾರೆ. ಹುಟ್ಟಿದ ಮರಿ ಕಿರುಬೆರಳಿನ ತುದಿಯಷ್ಟು, ಕೂದಲಿಲ್ಲ, ಕಣ್ಣು ತೆರೆದಿಲ್ಲ, ಚರ್ಮದೊಳಗಿನದೆಲ್ಲ ಹೊರಗೆ ಕಾಣುತ್ತದೆ. ತಾಯಿ ಹಾಲು ಕುಡಿಸಿದ್ದರೆ ಹೊಟ್ಟೆಯ ಜಾಗದಲ್ಲಿ ಬಿಳಿಯ ಚುಕ್ಕೆಯೊಂದು ಎದ್ದು ತೋರುತ್ತದೆ. ಚುಕ್ಕೆ ಕಂಡರೆ ಇಲಿಮಾವನ ಮುಖ ಮಾಸ್ಕಿನ ಹಿಂದೆಯೂ ಸಡಿಲವಾಗುವುದು ಗೊತ್ತಾಗುತ್ತದೆ. ಕಾಣದಿದ್ದರೆ ಮುಂದಿನ ಪೆಟ್ಟಿಗೆಗೆ ಹೋಗುತ್ತಾರೆ.

ಮುನ್ನೂರರ ಮೇಲೆ ಪೆಟ್ಟಿಗೆಗಳಿವೆ. ಅಷ್ಟೇ ನೀರಿನ ಬಾಟಲಿಗಳು, ತೊಳೆಯಬೇಕು. ಹಾಸಿದ ಮರದ ಹೊಟ್ಟು ಬದಲಿಸಬೇಕು, ಆದರೆ ಹಳೆಯ ಗೂಡಿನದ್ದೊಂದು ಹಿಡಿ ಉಳಿಸಬೇಕು. ಇಲ್ಲದಿದ್ದರೆ ತಾಯಿಗೆ ತನ್ನ ಮನೆಯ ವಾಸನೆ ಸಿಗದೆ ದಿಗಿಲಾಗುತ್ತದೆ. ಘಮಘಮ ಎನ್ನುವ ಸೋಪು, ತಲೆಗೆಣ್ಣೆ, ಸೆಂಟು ಯಾವುದೂ ಇಲಿಮಾವನ ಮೈ ಸೋಕುವಂತಿಲ್ಲ. ಮದುವೆಮನೆಗೆ ಹೋದರೂ ಅವರು ನೀರಿನ ವಾಸನೆಯ ಮನುಷ್ಯ. “ಇಲಿಗಳಿಗೆ ಮಾಡಿದ ಬಾಣಂತನದಲ್ಲಿ ಕಾಲುಭಾಗ ನನಗೆ ಮಾಡಿದ್ರೆ ಇವತ್ತಿಗೂ ಸೊಂಟ ಗಟ್ಟಿಯಾಗಿರ್ತಿತ್ತು” ಎಂದು ಹೆಂಡತಿ ಬಂದವರೆದುರು ಛೇಡಿಸುತ್ತಾರೆ. ಛೇಡಿಸುತ್ತಲೇ ಗಂಡನ ಮೊಣಕಾಲಿಗೆ ಬಿಸಿನೀರಿನ ಚೀಲ ತಂದಿಡುತ್ತಾರೆ. ದಿನವಿಡೀ ಬಗ್ಗಿ ಏಳುವ ಕೆಲಸ. ಈಗೀಗ ಬಗ್ಗಿದರೆ ಏಳುವುದು ಕಷ್ಟ, ಎದ್ದರೆ ಬಗ್ಗುವುದು ಕಷ್ಟ.

ಈ ಇಲಿಗಳನ್ನು ಸಾಕುವುದು ಒಂದು ಪ್ರಶ್ನೆಗೆ ಉತ್ತರ ಹುಡುಕಲು. ಬಣ್ಣ, ಮುಖಕ್ಕೆ ಹಚ್ಚುವ ಕ್ರೀಮು, ಕೊಳೆ ಹಿಡಿಯದ ಬಟ್ಟೆ, ಇಂಥ ಹಲವು ಸಾಮಾನುಗಳಿಗೆ ಈಗ ಬಲು ನುಣುಪಾದ ಪುಡಿ ಬೆರೆಸುತ್ತಾರೆ. ನ್ಯಾನೋ ಕಣ ಎಂದು ಅದರ ಹೆಸರು. ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಅಷ್ಟು ಸಣ್ಣದು ಉಸಿರಿನಲ್ಲೋ ಬಾಯಲ್ಲೋ ಮೈಯೊಳಗೆ ಹೋದರೆ ಎಲ್ಲೆಲ್ಲಿಗೆ ತಲುಪುತ್ತದೆ? ಬಸಿರು ನಿಲ್ಲುವುದಕ್ಕೆ, ಮಗು ಬೆಳೆಯುವುದಕ್ಕೆ ಅಡ್ಡಿಯಾಗುತ್ತದೆಯೇ? ಮೂರನೇ ಮಹಡಿಯ ವಿಜ್ಞಾನಿ ಹುಡುಕುತ್ತಿರುವುದು ಇದನ್ನೇ. ಇಲಿಮಾವನ ಬಾಯಲ್ಲಿ ಆಕೆ ‘ಡಾಕ್ಟರಮ್ಮ’. ಆಕೆಯ ತಂಡದವರು ಕೆಲವು ಇಲಿಗಳಿಗೆ ಬರೀ ನೀರು, ಕೆಲವಕ್ಕೆ ಸ್ವಲ್ಪ ಪುಡಿ ಬೆರೆಸಿದ ನೀರು, ಇನ್ನು ಕೆಲವಕ್ಕೆ ಹೆಚ್ಚು ಪುಡಿಯ ನೀರು ಕುಡಿಸುತ್ತಾರೆ. ಸಾಕುವುದು, ಕಾಯುವುದು, ಎಣಿಸುವುದು ಇಲಿಮಾವನ ಪಾಲು.

ಮೇಲಿನ ಮಹಡಿಯಲ್ಲಿ ಏನು ನೋಡುತ್ತಾರೆ ಎಂದು ಕೇಳಿದರೆ ಅವರು ಡಾಕ್ಟರಮ್ಮ ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಾರೆ. “ಮೈಯಲ್ಲಿರೋ ಒಂದೊಂದು ಜೀವಕೋಶಾನೂ ಒಂದೊಂದು ಅಡುಗೆಮನೆ ಅಂತೆ. ಒಲೆ ಸರಿಯಾಗಿ ಉರೀತಿದ್ರೆ ಮನೆ ನಡೆಯುತ್ತೆ. ಈ ಪುಡಿ ಒಳಗೆ ಹೋಗಿ ಒಲೆ ಮಂಕು ಮಾಡುತ್ತಾ ಅಂತ ನೋಡ್ತಾರೆ. ನಂಗೆ ಅಷ್ಟೇ ಗೊತ್ತು. ಮುಂದಿನದ್ದು ಅವರನ್ನೇ ಕೇಳಿ.”

ಅದನ್ನು ನೋಡಬೇಕಾದರೆ ಇಲಿಯ ಜೀವ ತೆಗೆಯಬೇಕು. ಇಲಿಮಾವ ಇದನ್ನು ಮುಚ್ಚಿಟ್ಟು ಮಾತಾಡುವುದಿಲ್ಲ. ತಾವೇ ನೀರು ಕೊಟ್ಟು, ತಾವೇ ಗೂಡು ಹಸನು ಮಾಡಿದ ಪೆಟ್ಟಿಗೆಯನ್ನು ತಾವೇ ಲಿಫ್ಟಿನಲ್ಲಿ ಮೇಲಕ್ಕೆ ಒಯ್ದು ಕೊಟ್ಟು ಬರುತ್ತಾರೆ. ಖಾಲಿ ಪೆಟ್ಟಿಗೆ ಹಿಡಿದು ಇಳಿಯುವಾಗ ಮೆಟ್ಟಿಲಲ್ಲೇ ಬರುತ್ತಾರೆ, ಮೊಣಕಾಲು ಎಷ್ಟು ನೋಯುತ್ತಿದ್ದರೂ. ಲಿಫ್ಟಿನಲ್ಲಿ ಕನ್ನಡಿ ಇದೆ, ಅದಕ್ಕೆ ಎನ್ನುತ್ತಾರೆ. ಎಷ್ಟೋ ವರ್ಷ ಕಳೆದರೂ ಈ ಕೆಲಸ ಮನಸ್ಸಿಗೆ ಅಭ್ಯಾಸವಾಗಲಿಲ್ಲ, ಕೈಗೆ ಮಾತ್ರ ಅಭ್ಯಾಸವಾಯಿತು. ದಣಿವು ಎಂದರೆ ಅವರ ಮಟ್ಟಿಗೆ ಇದೇ.

ಹತ್ತಿಯ ವಿಷಯವನ್ನು ಕೆದಕದೆ ಇಲಿಮಾವನ ಕತೆ ಹೇಳಲಾಗದು. ಕೆದಕಿದರೆ ಅವರೂ ತಪ್ಪಿಸಿಕೊಳ್ಳುವುದಿಲ್ಲ.

ಇದೇ ಪ್ರಯೋಗದ ಮೊದಲ ಸುತ್ತು ಅದು. ಬಸಿರಿ ಇಲಿಗಳಿಗೆ ಗೂಡು ಕಟ್ಟಿಕೊಳ್ಳಲೆಂದು ಪೆಟ್ಟಿಗೆಗೊಂದು ಹತ್ತಿಯ ತುಂಡು ಕೊಡುವುದು ಪದ್ಧತಿ. ಇಲಿ ಅದನ್ನು ಹಲ್ಲಿನಿಂದ ಎಳೆದೆಳೆದು ಹಿಂಜಿ ಮೆತ್ತೆ ಮಾಡಿಕೊಳ್ಳುತ್ತದೆ. ಕೊನೆಯ ಸಾಲಿನ ಪೆಟ್ಟಿಗೆಗಳಲ್ಲಿ ತಾಯಂದಿರು ಹತ್ತಿಯನ್ನು ಸರಿಯಾಗಿ ಹಿಂಜುತ್ತಿರಲಿಲ್ಲ. ಮರಿಗಳೂ ಕಡಿಮೆ, ಹುಟ್ಟಿದವೂ ಬಡಕಲು, ಬೆಳಗ್ಗೆ ನೋಡಿದರೆ ಮೈ ತಣ್ಣಗೆ. ಇಲಿಮಾವನ ಕೋಟಿನ ಜೇಬಿನಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ಆ ಸಾಲಿನ ಪೆಟ್ಟಿಗೆಗಳಿಗೆ ತಾವೇ ಹಿಂಜಿದ ಹತ್ತಿ ಒಂದಿಷ್ಟು ಹೆಚ್ಚಿಗೆ ಇಟ್ಟರು. ಮಾರನೇ ದಿನವೂ ಇಟ್ಟರು. ಮರಿಗಳು ಬೆಚ್ಚಗಾದವು, ಬಿಳಿ ಚುಕ್ಕೆಗಳು ಕಾಣಿಸತೊಡಗಿದವು. ಅವರು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿದರು.

ಕೆಲವು ವಾರಗಳ ನಂತರ ಡಾಕ್ಟರಮ್ಮ ನೆಲಮಾಳಿಗೆಗೆ ಇಳಿದು ಬಂದರು. ಹೆಚ್ಚು ಪುಡಿ ಕುಡಿದ ಆ ಕೊನೆಯ ಸಾಲಿನಲ್ಲೂ ಮರಿಗಳು ಬರೀ ನೀರಿನ ಸಾಲಿನಷ್ಟೇ ಚೆನ್ನಾಗಿ ಬದುಕುತ್ತಿರುವುದು ಆಕೆಗೆ ಬಗೆಹರಿದಿರಲಿಲ್ಲ. ಪುಡಿಯಿಂದ ಏನೂ ತೊಂದರೆಯಿಲ್ಲ ಎಂದು ಬರೆಯಲು ಕೂತಿದ್ದವರು, ಬರೆಯುವ ಮುಂಚೆ ಒಂದು ಸಲ ಕಣ್ಣಾರೆ ನೋಡೋಣ ಎಂದು ಬಂದಿದ್ದರು. ಒಂದು ಸಾಲಿನಲ್ಲಿ ತೆಳು ಗೂಡು, ಇನ್ನೊಂದರಲ್ಲಿ ಉಬ್ಬಿದ ಗೂಡು. ಇದೇನು ಎಂದು ಕೇಳಿದರು. ಇಲಿಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಪ್ಪು ಮಾಡಿದ್ದೇನೆಂದು ಆಗಲೂ ಹೊಳೆದಿರಲಿಲ್ಲ. ಶಹಭಾಸ್ ಎಂದಾರೇನೋ ಎಂಬ ಆಸೆಯೇ ಒಳಗೊಳಗೆ ಇತ್ತಂತೆ.

ಡಾಕ್ಟರಮ್ಮ ಬೈಯಲಿಲ್ಲ. ಹೊಟ್ಟಿನ ಮೂಟೆಯ ಮೇಲೆ ಕುಸಿದು ಕೂತರು. “ಮಾವ, ನೀವು ಅವಕ್ಕೆ ಒಳ್ಳೇದೇ ಮಾಡಿದ್ರಿ. ಆದ್ರೆ ಇನ್ನು ನಂಗೆ ಪುಡಿ ಏನು ಮಾಡ್ತು, ಹತ್ತಿ ಏನು ಮಾಡ್ತು ಅಂತ ಬೇರೆ ಮಾಡಿ ಹೇಳೋಕಾಗಲ್ಲ” ಎಂದರು. ಅಲ್ಲಿಗೆ ಮೊದಲ ಸುತ್ತು ಮುಗಿಯಿತು. ಅಷ್ಟೂ ಇಲಿಗಳು ಸುಮ್ಮನೆ ಸತ್ತ ಲೆಕ್ಕ. ವರ್ಷದ ದುಡಿಮೆ ನೀರುಪಾಲಾಯಿತು. ಮತ್ತೆ ಮೊದಲಿನಿಂದ ಶುರು ಮಾಡಲು ಒಪ್ಪಿಗೆ ಸಿಗುವಷ್ಟರಲ್ಲಿ ಇನ್ನೊಂದು ವರ್ಷವೂ ಸರಿಯಿತು.

ಅವತ್ತು ಮನೆಗೆ ಹೋದವರೇ ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಎರಡೂ ಜೇಬಿನ ಬಾಯಿ ಹೊಲಿದುಬಿಡು ಎಂದರು. ಹರಿದಿದೆಯಾ ಎಂದು ಆಕೆ ತಿರುಗಿಸಿ ನೋಡಿದರು. ಹರಿದಿರಲಿಲ್ಲ. ಮತ್ತೇನೂ ಕೇಳದೆ ದಪ್ಪ ದಾರ ಪೋಣಿಸಿ ಹೊಲಿದರು. ಕೋಟು ಬದಲಾದಾಗಲೆಲ್ಲ ಈ ಹೊಲಿಗೆ ನಡೆಯುತ್ತದೆ. ಈಗ ಮೈಮೇಲಿರುವ ಕೋಟಿನ ಜೇಬುಗಳಿಗೂ ಬಾಯಿಲ್ಲ.

ಇಷ್ಟೇ ಆಗಿದ್ದರೆ ಇದು ಕೆಲಸದ ಮಾತು, ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಇಲಿಮಾವನಿಗೆ ಒಬ್ಬಳೇ ಮಗಳು. ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಊರಾಚೆಯ ಕಾರ್ಖಾನೆಯಲ್ಲಿ ಅವಳ ಕೆಲಸ. ಅಲ್ಲಿ ಚೀಲಗಳಿಗೆ ತುಂಬುವುದು ಇಂಥದ್ದೇ ಪುಡಿ. ಅವಳು ಅಲ್ಲಿ ಸೇರಿದ್ದು ಮೊದಲ ಸುತ್ತು ನಡೆಯುತ್ತಿದ್ದಾಗ. ಆ ಸುತ್ತು ಹಾಳಾದ ಮೇಲಿನ ತಿಂಗಳುಗಳಲ್ಲಿ ಅವಳು ಬಸಿರಾದಳು, ಮೂರು ತಿಂಗಳು ತುಂಬುವ ಮುಂಚೆ ಅದು ಹೋಯಿತು.

“ಪುಡಿಯಿಂದಲೇ ಹೋಯ್ತು ಅಂತ ಯಾರೂ ಹೇಳಲಿಲ್ಲ. ಪುಡಿಯಿಂದ ಅಲ್ಲ ಅಂತಲೂ ಯಾರೂ ಹೇಳಲಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಹೀಗಾಗುತ್ತೆ, ಕಾರಣ ಹುಡುಕಬೇಡಿ ಅಂದ್ರು ಆಸ್ಪತ್ರೇಲಿ. ಕಾರಣ ಹುಡುಕೋ ಕಟ್ಟಡದಲ್ಲೇ ಕೆಲಸ ಮಾಡೋನು ನಾನು. ನನ್ನ ಕೈಯಾರೆ ಕೆಡಿಸಿದ್ದೆ” ಎನ್ನುತ್ತಾರೆ. ಹೇಳಿ ಮುಗಿಸಿ ಬಾಟಲಿಯೊಂದನ್ನು ಆಗಲೇ ತೊಳೆದಿದ್ದರೂ ಮತ್ತೆ ತೊಳೆಯುತ್ತಾರೆ.

ಕೆಡಿಸದಿದ್ದರೂ ಆ ಹೊತ್ತಿಗೆ ಉತ್ತರವೇನೂ ಬರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಎಷ್ಟೋ ಸಲ ಸಮಾಧಾನ ಹೇಳಿದ್ದಾರೆ. ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತದೆ ಎನ್ನುವಂತಿಲ್ಲ, ಕುಡಿಸಿದ ಪುಡಿಗೂ ಗಾಳಿಯಲ್ಲಿ ಬರುವ ಪುಡಿಗೂ ಸಂಬಂಧ ಕಟ್ಟುವಂತಿಲ್ಲ ಎಂದೂ ಬಿಡಿಸಿ ಹೇಳಿದ್ದಾರೆ. ಇಲಿಮಾವ ತಲೆಯಾಡಿಸುತ್ತಾರೆ. ತಲೆ ಒಪ್ಪಿಕೊಂಡದ್ದನ್ನು ಹೊಟ್ಟೆ ಒಪ್ಪಿಕೊಳ್ಳಬೇಕಲ್ಲ.

ಈಗ ನಡೆಯುತ್ತಿರುವುದು ಎರಡನೇ ಸುತ್ತು. ಈ ಸಲ ಯಾವ ಪೆಟ್ಟಿಗೆಗೆ ಪುಡಿ, ಯಾವುದಕ್ಕೆ ಬರೀ ನೀರು ಎಂದು ಅವರಿಗೆ ತಿಳಿಸಿಲ್ಲ. ಪೆಟ್ಟಿಗೆಗಳನ್ನು ಬೆರೆಸಿ ಇಟ್ಟಿದ್ದಾರೆ. ಆದರೂ ಇಷ್ಟು ವರ್ಷ ನೋಡಿದ ಕಣ್ಣು ಸುಮ್ಮನಿರುವುದಿಲ್ಲ, ಊಹೆ ಮಾಡಲು ಹೋಗುತ್ತದೆ. ಊಹೆ ಬರುತ್ತಿದ್ದಂತೆ ಅವರು ಕಣ್ಣು ಬೇರೆಡೆ ತಿರುಗಿಸುತ್ತಾರೆ. ಇವತ್ತು ಬೆಳಗ್ಗೆಯೂ ಒಂದು ಪೆಟ್ಟಿಗೆಯ ಮುಂದೆ ಹಾಗೆ ನಿಂತಿದ್ದಾರೆ. ಒಳಗೆ ನಾಲ್ಕೇ ಮರಿಗಳು, ಗೂಡು ತೆಳ್ಳಗೆ, ತಾಯಿ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದೆ. ಒಂದು ಮರಿಯ ಹೊಟ್ಟೆಯಲ್ಲೂ ಚುಕ್ಕೆಯಿಲ್ಲ. ಇಲಿಮಾವನ ಬಲಗೈ ಕೋಟಿನ ಬದಿಗೆ ಇಳಿಯುತ್ತದೆ. ಬೆರಳುಗಳು ಹೊಲಿಗೆಯ ಮೇಲೆ ಒಮ್ಮೆ ಆಡುತ್ತವೆ. ಆಮೇಲೆ ಆ ಕೈ ಮುಂದಿನ ಪೆಟ್ಟಿಗೆಯ ಮುಚ್ಚಳಕ್ಕೆ ಹೋಗುತ್ತದೆ.

“ಎಲ್ಲರಿಗೂ ಒಂದೇ ಒಂದು ತುಂಡು ಹತ್ತಿ. ಇದೊಂದು ಕಲಿಯೋಕೆ ಇಷ್ಟು ವಯಸ್ಸಾಗಬೇಕಾಯ್ತು. ಕರುಣೆ ತೋರಿಸೋದು ಸುಲಭ ಸ್ವಾಮಿ, ತೋರಿಸದೆ ನಿಲ್ಲೋದಿದೆ ನೋಡಿ, ಅದು ಮೈಯೆಲ್ಲ ಹಿಂಡುತ್ತೆ.”

ಮಗಳು ಮತ್ತೆ ಬಸಿರಾಗಿದ್ದಾಳೆ. ಸುದ್ದಿ ತಿಳಿದ ದಿನ ಹೆಂಡತಿ ಕಣ್ಣೊರೆಸಿಕೊಂಡರು, ಇಲಿಮಾವ ಚಪ್ಪಲಿ ಹಾಕಿಕೊಂಡು ಸುಮ್ಮನೆ ರಸ್ತೆಯ ತುದಿಯವರೆಗೆ ಹೋಗಿ ಬಂದರು. ಅವರಿಗೆ ಅನ್ನಿಸಿದ್ದು ಒಂದೇ, ಅವಳು ಆ ಪುಡಿಯ ಕೋಣೆ ಬಿಡಬೇಕು. ಆದರೆ ಏನೆಂದು ಹೇಳುವುದು? ಕಾರ್ಖಾನೆಯ ಮೇಲ್ವಿಚಾರಕ, ತೊಂದರೆಯಿದೆ ಎನ್ನಲು ಆಧಾರ ಎಲ್ಲಿದೆ ಎನ್ನುತ್ತಾನೆ. ಮಾಸ್ಕ್ ಕೊಟ್ಟಿದ್ದೇವಲ್ಲ ಎನ್ನುತ್ತಾನೆ. ಆಧಾರ ಹುಡುಕುವ ಡಾಕ್ಟರಮ್ಮ, ಇನ್ನೂ ಕಾಯಬೇಕು ಎನ್ನುತ್ತಾರೆ. ಮಗಳಿಗಂತೂ ಆ ಕೆಲಸದ ಮೇಲೆ ಅಭಿಮಾನ. ಚೀಲ ತುಂಬುವ ಸಾಲಿಗೆ ಅವಳೇ ಮುಂದಾಳು. ಹೊಸಬರಿಗೆ ಕಲಿಸುವವಳು ಅವಳು, ಯಂತ್ರ ಮುನಿಸಿಕೊಂಡರೆ ಎಲ್ಲರೂ ಕೂಗುವುದು ಅವಳನ್ನೇ. ಬಿಟ್ಟು ಬಾ ಎಂದರೆ ಸುಲಭವಾಗಿ ಬಿಡುವ ಪೈಕಿಯಲ್ಲ. ಅಪ್ಪನ ಹಾಗೆ ಹಟಮಾರಿ ಎಂದು ತಾಯಿಯ ದೂರು.

ಹಲವು ದಿನ ಅವರು ಬಾಯಿ ಬಿಡಲಿಲ್ಲ. ಒಂದು ರಜೆಯ ಮಧ್ಯಾಹ್ನ ಮಗಳೇ ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದವಳು ತಮಾಷೆಯ ದನಿಯಲ್ಲೇ ಕೇಳಿದಳು: “ಅಪ್ಪ, ನಾನು ನಿನ್ನ ಇಲಿಯಾಗಿದ್ರೆ ಯಾವ ಸಾಲಿನ ಪೆಟ್ಟಿಗೆಗೆ ಹಾಕ್ತಿದ್ದೆ?”

ದನಿ ತಮಾಷೆಯದ್ದಾದರೂ ಕಣ್ಣು ಲೋಟದಿಂದ ಮೇಲೇಳಲಿಲ್ಲ. ಅವಳಿಗೂ ಹೆದರಿಕೆಯಿದೆ ಎಂದು ಇಲಿಮಾವನಿಗೆ ಗೊತ್ತಾದದ್ದು ಆಗ. ತಮ್ಮೊಬ್ಬರದೇ ಎಂದುಕೊಂಡಿದ್ದ ಹೆದರಿಕೆಯನ್ನು ಅವಳೂ ದಿನಾ ಊಟದ ಡಬ್ಬಿಯ ಜೊತೆ ಕಾರ್ಖಾನೆಗೆ ಹೊತ್ತು ಹೋಗುತ್ತಿದ್ದಳು. ಆಗ ಅವರು ಹೇಳಿದ್ದನ್ನು ಹೆಂಡತಿ ಇವತ್ತಿಗೂ ಹಾಗೇ ಒಪ್ಪಿಸುತ್ತಾರೆ: “ಯಾವ ಪೆಟ್ಟಿಗೆ ಅಂತ ಆರಿಸೋದು ನನ್ನ ಕೈಲಿಲ್ಲ ಮಗಳೇ. ಇಲಿ ಕೈಲೂ ಇಲ್ಲ. ನಿನ್ನ ಕೈಲಿದೆ.”

ಮಗಳು ಲೋಟ ತೊಳೆದಿಟ್ಟು ಹೋದಳು. ಆ ವಾರವೇ ಬೇರೆ ವಿಭಾಗ ಕೇಳಿದಳು. ಮೇಲ್ವಿಚಾರಕ ಗೊಣಗಿದ, ತುಂಬ ದಿನ ಆಟವಾಡಿಸಿದ, ಕೊನೆಗೆ ಹೊರಗಿನ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟ. ಅವಳ ಜಾಗದಲ್ಲಿ ಈಗ ಅವಳೇ ಕಲಿಸಿದ ಹುಡುಗಿ ನಿಂತಿದ್ದಾಳೆ. ಆ ಹುಡುಗಿಗೂ ಹೊಸದಾಗಿ ಮದುವೆಯಾಗಿದೆ ಎಂದು ಮಗಳು ಆಗಾಗ ಹೇಳುತ್ತಾಳೆ. ಇದಕ್ಕೆ ಏನು ಮಾಡಬೇಕೆಂದು ಇಲಿಮಾವನಿಗೆ ತಿಳಿಯದು. ಪೆಟ್ಟಿಗೆಗಳನ್ನು ಕೆಡಿಸದೆ ನೋಡಿಕೊಳ್ಳುವುದೊಂದೇ ತಮ್ಮ ಕೈಲಾದದ್ದು ಎಂದುಕೊಂಡು ಬೆಳಗ್ಗೆ ಎದ್ದು ಬರುತ್ತಾರೆ.

ಮಗಳಿಗೆ ಹಾಗೆ ಹೇಳಿದ್ದು ಸರಿಯೋ ಅಲ್ಲವೋ, ಹೆದರಿಕೆ ನಿಜವೋ ಸುಳ್ಳೋ, ಅದೂ ಅವರಿಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೂ ಇನ್ನೂ ಗೊತ್ತಿಲ್ಲ. ಎರಡನೇ ಸುತ್ತು ಮುಗಿದು, ಎಲ್ಲವನ್ನೂ ಕೂಡಿ ಕಳೆದು, ಬೇರೆ ಊರಿನವರೂ ಮಾಡಿ ನೋಡಿ, ಆಮೇಲೆ ಏನಾದರೂ ಹೇಳಬಹುದು. ಅಷ್ಟರಲ್ಲಿ ಮಗಳ ಮಗು ನಡೆಯುತ್ತಿರಬೇಕು. ಹಾಗೆಂದು ಇಲಿಮಾವ ಅಂದುಕೊಳ್ಳುತ್ತಾರೆ, ಆದರೆ ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಅಳುಕು. ಐದು ತಿಂಗಳು ದಾಟಿದೆ. ಮೊನ್ನೆ ಮಗಳು ಅಪ್ಪನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳಂತೆ. ಒದ್ದದ್ದು ಗೊತ್ತಾಯಿತಾ ಎಂದು ಕೇಳಿದಳಂತೆ. ಗೊತ್ತಾಗಲಿಲ್ಲ, ಗವಸು ಹಾಕಿ ಹಾಕಿ ಕೈ ಜಡ್ಡುಗಟ್ಟಿದೆ ಎನ್ನುತ್ತಾರೆ. ಹೆಂಡತಿಯ ಪ್ರಕಾರ ಅದು ಶುದ್ಧ ಸುಳ್ಳು, ಗೊತ್ತಾಗಿ ಮುಖ ಆಚೆ ತಿರುಗಿಸಿದರು.

ಹೊತ್ತು ಏರಿದೆ. ಮೇಲಿನ ಮಹಡಿಗಳಲ್ಲಿ ಕುರ್ಚಿ ಎಳೆಯುವ ಸದ್ದು ಶುರುವಾಗಿದೆ. ನೆಲಮಾಳಿಗೆಯ ಇಲಿಗಳಿಗೆ ಇದು ಮಲಗುವ ಸಮಯ. ಇಲಿಮಾವ ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುತ್ತಾರೆ. ಗೋಡೆಗೆ ಒರಗಿ ಮಾಸ್ಕ್ ಇಳಿಸುತ್ತಾರೆ. ಮೂಗಿನ ಮೇಲೆ ಅದರ ಗೆರೆ ಮೂಡಿದೆ. ಈ ಸುತ್ತು ಮುಗಿದ ಮೇಲೆ ಅವರು ನಿವೃತ್ತರಾಗುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ದೊಡ್ಡದೇನೂ ಇಲ್ಲ ಎಂದು ಕೋಟು ಬಿಚ್ಚತೊಡಗುತ್ತಾರೆ.

“ಮಗು ಹುಟ್ಟಿದ ದಿನ ಹೋಗಿ ನೋಡಬೇಕು. ಬಾಗಿಲು ತಟ್ಟಿಯೇ ಹೋಗ್ತೀನಿ, ಆ ಕೆಲಸ ನಂಗೆ ಚೆನ್ನಾಗಿ ಬರುತ್ತೆ.” ಬಿಚ್ಚಿದ ಕೋಟನ್ನು ಮಡಚಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. “ಆದ್ರೆ ಈ ಕೋಟು ಹಾಕ್ಕೊಂಡು ಹೋಗಲ್ಲ. ಅವತ್ತು ಜೇಬಿರೋ ಅಂಗಿ ಹಾಕ್ಕೋತೀನಿ.”